ಮಕ್ಕಳ ಪುಸ್ತಕವೂ ಅದರ ಮೆರವಣಿಗೆಯೂ

ತಾನು ರಚಿಸಿದ ಗ್ರಂಥವನ್ನು ತಾನೇ ಊರವರ ಮುಂದಿಟ್ಟು, ಇದನ್ನು ಕೊಳ್ಳಿರಿ, ಇದನ್ನು ಓದಿರಿ ಎಂದು ಹೇಳುವುದು ಗ್ರಂಥಕರ್ತನಿಗೆ ಭೂಷಣವೋ ದೂಷಣವೋ ಎಂಬ ಚರ್ಚೆ ತುಳುನಾಡಿನಲ್ಲಿ ಇಂದು ನಿನ್ನೆ ಹುಟ್ಟಿದುದಲ್ಲ. ಮೂಡುಬಿದಿರೆಯ ರತ್ನಾಕರವರ್ಣಿಯ ವಿಷಯವಾಗಿ ಪ್ರಚಲಿತವಾಗಿರುವ ಐತಿಹ್ಯವು ವಾಚಕರಿಗೆ ತಿಳಿದೇ ಇದೆ. ಹದಿನಾರನೆಯ ಶತಮಾನದ ಆ ಕವಿಯು ತನ್ನ ‘ಭರತೇಶ ವೈಭವ’ವನ್ನು ಆನೆಯ ಮೇಲಿರಿಸಿ ಊರ ಬೀದಿಗಳಲ್ಲಿ ಮೆರೆಯಿಸಬೇಕೆಂದು ಬಯಸಿದನಂತೆ, ಕಾವ್ಯದಲ್ಲಿ ಕೆಲವು ಪದ್ಯಗಳು ಶಾಸ್ತ್ರಕ್ಕೆ ವಿರುದ್ಧವಾಗಿವೆಯೆಂದು ಭಟ್ಟಾರಕರು ಅದಕ್ಕೆ ಸಮ್ಮತಿಸಲಿಲ್ಲವಂತೆ, ಕವಿಯು ಮುನಿದು ಮತವನ್ನೇ ತೊರೆದನಂತೆ. ಕಥೆಯಲ್ಲಿ ಚರಿತ್ರೆಯ ಅಂಶವೆಷ್ಟು, ಕಲ್ಪನೆಯ ಅಂಶವೆಷ್ಟು ಎಂಬುದು ಇಲ್ಲಿಯ ವಿಚಾರವಲ್ಲ. ಆನೆ ದೊರೆಯದಿದ್ದರೂ ಆ ಕೃತಿಯು ಕೆಡಲಿಲ್ಲವೆಂಬುದು ಮಾತ್ರ ನಿಜ. ಅದು ಸಾಂಗತ್ಯ, ಹಾಡಿಗೆ ಒಗ್ಗುವ ಕಾವ್ಯ. ಬೀದಿಯಲ್ಲಿ ದೊರಕದ ಮರ್ಯಾದೆಯು ಅದಕ್ಕೆ ಮನೆಗಳ ಜಗಲಿಯಲ್ಲಿ, ಹಾಡುವವರ ಕೊರಲಲ್ಲಿ ದೊರಕಿತು.

ಈ ಐತಿಹ್ಯವನ್ನು ಇಲ್ಲಿ ಸ್ಮರಿಸಲು ಕಾರಣವುಂಟು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸುತ್ತಿನಲ್ಲಿ ಮಕ್ಕಳಿಗಾಗಿ ಬರೆಯುವವರಲ್ಲಿ ಶಾಲಾ ಉಪಾಧ್ಯಾಯರೂ ನಿವೃತ್ತರೂ ಅನೇಕರು. ತಮ್ಮ ಕೈಯಿಂದಲೇ ಹಣ ಹಾಕಿ ಕೆಲವು ನೂರು ಪ್ರತಿಗಳನ್ನು ಅಚ್ಚು ಹಾಕಿಸುವುದೂ, ಬಳಿಕ ಆ ಕಟ್ಟುಗಳನ್ನು ಮನೆಯ ಮೂಲೆಯಲ್ಲಿಟ್ಟುಕೊಂಡು ಮುಂದೇನೆಂದು ಚಿಂತಿಸುವುದೂ ಇವರಲ್ಲಿ ಸಾಮಾನ್ಯವಾದ ಸಂಗತಿ. ಪುಸ್ತಕದಂಗಡಿಗಳು ಇಂಥ ಕೃತಿಗಳಿಗೆ ಹೆಚ್ಚು ಸ್ಥಳ ಕೊಡುವುದಿಲ್ಲ. ಆದಕಾರಣ ತನ್ನ ಊರಿನಲ್ಲಿ ತಾನೇ ಪ್ರಚಾರಕನಾಗದೆ ಗ್ರಂಥಕರ್ತನಿಗೆ ಗತ್ಯಂತರವಿಲ್ಲ. ಇದರಲ್ಲಿ ನಾಚಿಕೆಪಡತಕ್ಕುದು ಏನೂ ಇಲ್ಲ. ಧಾರವಾಡದ ಸೀಮೆಯಲ್ಲಿ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದುದನ್ನು ಕನ್ನಡಿಗರು ಕೃತಜ್ಞತೆಯಿಂದಲೇ ನೆನೆಯುತ್ತಾರೆ. ‘ತುತ್ತೂರಿ’ಯನ್ನು ಮಕ್ಕಳ ಕೈಗಿತ್ತ ಜಿ. ಪಿ. ರಾಜರತ್ನಂ ಅವರು ತಮ್ಮನ್ನು ಸಾಹಿತ್ಯ ಪರಿಚಾರಕನೆಂದು ಕರೆದುಕೊಂಡರೇ ಹೊರತು ಅದರಿಂದ ಅವರ ಗೌರವಕ್ಕೆ ಕುಂದು ಬರಲಿಲ್ಲ. ಮಾರುವುದು ತಪ್ಪಲ್ಲ, ಯಾರಿಗೆ, ಯಾವ ಬಗೆಯಿಂದ ಮಾರುವುದೆಂಬಲ್ಲಿಯೇ ವಿಮರ್ಶೆಗೆ ಎಡೆಯಿದೆ.

ಇತರ ಗ್ರಂಥಗಳಿಗೂ ಮಕ್ಕಳ ಗ್ರಂಥಕ್ಕೂ ಇಲ್ಲಿ ಒಂದು ಮುಖ್ಯವಾದ ಭೇದವುಂಟು. ಕಾದಂಬರಿಯನ್ನು ಕೊಳ್ಳುವವನೂ ಓದುವವನೂ ಬಹುಮಟ್ಟಿಗೆ ಒಬ್ಬನೇ. ಮಕ್ಕಳ ಪುಸ್ತಕಕ್ಕೆ ಬೆಲೆ ಕೊಡುವವರು ತಂದೆತಾಯಿಗಳು, ಮುಖ್ಯೋಪಾಧ್ಯಾಯರು, ಗ್ರಂಥಾಲಯದ ಅಧಿಕಾರಿಗಳು, ಓದಬೇಕಾದುದು ಮಗು. ಗ್ರಂಥಕರ್ತನ ಶ್ರಮವೆಲ್ಲ ಬೆಲೆ ಕೊಡುವವರನ್ನು ಒಲಿಸಿಕೊಳ್ಳುವುದರಲ್ಲಿಯೇ ಮುಗಿದುಹೋದರೆ, ಪುಸ್ತಕವು ಮಾರಿಹೋಗಿಯೂ ಮಗುವನ್ನು ತಲುಪದೆ ಉಳಿಯುತ್ತದೆ. ಈಗ ರೂಢಿಯಲ್ಲಿರುವ ಬಿಡುಗಡೆಯ ಸಮಾರಂಭಗಳನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಶಾಲೆಯ ಮಕ್ಕಳನ್ನು ಸಾಲಾಗಿ ಕುಳ್ಳಿರಿಸುತ್ತಾರೆ. ವೇದಿಕೆಯ ಮೇಲೆ ಏಳೆಂಟು ಮಂದಿ ಗಣ್ಯರು. ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಫಲಕ. ಬಣ್ಣದ ಕಾಗದದಲ್ಲಿ ಸುತ್ತಿದ ಪುಸ್ತಕವನ್ನು ಬಿಚ್ಚಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಛಾಯಾಚಿತ್ರ. ಅನಂತರ ಮಕ್ಕಳ ಸಾಹಿತ್ಯದ ಮಹತ್ತ್ವವನ್ನು ಕುರಿತು ದೊಡ್ಡವರು ದೊಡ್ಡವರಿಗೆ ಹೇಳುವ ಭಾಷಣ. ಅಷ್ಟು ಹೊತ್ತಿನಲ್ಲಿ ಆ ಪುಸ್ತಕದ ಒಂದು ಪುಟವನ್ನಾದರೂ ಗಟ್ಟಿಯಾಗಿ ಓದುವುದು ಅಪರೂಪ. ಕೊನೆಗೆ ಶಾಲೆಗೆ ಗೌರವಪ್ರತಿಗಳು ಸಲ್ಲುತ್ತವೆ, ಅವು ಕಪಾಟನ್ನು ಸೇರುತ್ತವೆ, ಕಪಾಟಿಗೆ ಬೀಗ ಬೀಳುತ್ತದೆ. ರತ್ನಾಕರನು ಬಯಸಿದ ಆನೆ ಇಂದಿನವರಿಗೆ ಸುಲಭವಾಗಿ ದೊರೆಯುತ್ತಿದೆ, ಜಗಲಿಯು ದೊರೆಯುತ್ತಿಲ್ಲ.

ಇದಕ್ಕೆ ಭಿನ್ನವಾದ ಒಂದು ಮಾರ್ಗವನ್ನು ತೋರಿಸಿದವರು ಬಂಟ್ವಾಳದವರೇ. ಪಂಜೆ ಮಂಗೇಶರಾಯರು 1874ರಲ್ಲಿ ಆ ಊರಿನಲ್ಲಿ ಜನಿಸಿದರು. 1937ರಲ್ಲಿ ನಿಧನ ಹೊಂದಿದರು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ, ಶಾಲೆಗಳ ಇನ್‌ಸ್ಪೆಕ್ಟರರಾಗಿ, ಉಪಾಧ್ಯಾಯರ ತರಬೇತಿ ಶಾಲೆಯಲ್ಲಿ ಅಧ್ಯಾಪಕರಾಗಿ, ಮಡಿಕೇರಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿ ಅವರು ದುಡಿದರು. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರಿಗೆ ಸಂದಿತು. ಇಷ್ಟು ಪ್ರಸಿದ್ಧರಾದವರು ಮಕ್ಕಳ ಪದ್ಯಗಳಿಗೆ ತಮ್ಮ ಹೆಸರನ್ನು ಹಾಕದೆ ‘ಕವಿಶಿಷ್ಯ’ನೆಂಬ ಅಂಕಿತವನ್ನು ಧರಿಸಿದುದು ಗಮನಾರ್ಹ. ಈಗಿನ ಪುಸ್ತಕಗಳಲ್ಲಿ ಕೃತಿಯ ಹೆಸರಿಗಿಂತ ಕರ್ತೃವಿನ ಹೆಸರು ದಪ್ಪವಾಗಿ ಕಾಣುವುದುಂಟು. ಹಿಂಬದಿಯ ರಕ್ಷಾಪುಟದಲ್ಲಿ ಭಾವಚಿತ್ರವೂ ಬಿರುದುಗಳ ಪಟ್ಟಿಯೂ ಇರುತ್ತವೆ. ಎರಡನೆಯ ತರಗತಿಯ ಹುಡುಗನಿಗೆ ಇವುಗಳಿಂದ ಏನಾಗಬೇಕಾಗಿದೆ?

ಪಂಜೆಯವರು ಪ್ರಚಾರ ಮಾಡಲಿಲ್ಲವೆಂದು ಇದರಿಂದ ತಿಳಿಯಬಾರದು. ಅವರಷ್ಟು ಪ್ರಚಾರ ಮಾಡಿದ ಬಾಲಸಾಹಿತಿ ಕರಾವಳಿಯಲ್ಲಿ ಮತ್ತೊಬ್ಬರಿಲ್ಲವೆಂದರೂ ಸಲ್ಲುವುದು. ಆದರೆ ಅವರು ಪ್ರಚಾರ ಮಾಡಿದುದು ಹೆಸರನ್ನಲ್ಲ, ಪದ್ಯವನ್ನು. ಅದಕ್ಕೆ ಅವರು ಹಿಡಿದ ಸಾಧನವು ಕೊರಲು. ಮಕ್ಕಳಿಗೆ ಕಥೆ ಹೇಳುವುದರಲ್ಲಿಯೂ ಪದ್ಯವನ್ನು ಹಾಡಿ ಅಭಿನಯಿಸಿ ಕಲಿಸುವುದರಲ್ಲಿಯೂ ಅವರಿಗಿದ್ದ ಜಾಣ್ಮೆಯನ್ನು ಅವರನ್ನು ಬಲ್ಲವರೆಲ್ಲ ಕೊಂಡಾಡಿದ್ದಾರೆ. ತರಬೇತಿ ಶಾಲೆಯಲ್ಲಿ ಒಬ್ಬ ಉಪಾಧ್ಯಾಯನು ಒಂದು ಪದ್ಯವನ್ನು ರಾಗಸಹಿತವಾಗಿ ಕಲಿತನೆಂದರೆ, ಅವನು ಯಾವ ಗುಡ್ಡದ ಮೂಲೆಯ ಶಾಲೆಗೆ ಹೋದರೂ ಆ ಪದ್ಯವು ಅವನೊಡನೆ ಹೋಗುವುದು. ವರುಷ ವರುಷವೂ ಹೊಸ ಮಕ್ಕಳ ಬಾಯಿಗೆ ಬರುವುದು. ಇದಕ್ಕೆ ಅಂಚೆಯ ಖರ್ಚಿಲ್ಲ, ಅಂಗಡಿಯವನ ಕಮಿಶನ್ನೂ ಇಲ್ಲ. 1921ರಲ್ಲಿ ಮಂಗಳೂರಿನಲ್ಲಿ ‘ಬಾಲ ಸಾಹಿತ್ಯ ಮಂಡಲ’ವನ್ನು ಅವರು ಸ್ಥಾಪಿಸಿದಾಗ ಪುಸ್ತಕಗಳಿಗೆ ಬೇಕಾದ ಕಿವಿಗಳು ಬಹುಮಟ್ಟಿಗೆ ಸಿದ್ಧವಾಗಿದ್ದುವು. ಮೊದಲು ಹಾಡು, ಆಮೇಲೆ ಪುಸ್ತಕ ಎಂಬ ಈ ಕ್ರಮವನ್ನು ಇಂದಿನವರು ತಲೆಕೆಳಗು ಮಾಡಿದ್ದಾರೆ.

ಈ ಮಾರ್ಗವು ಫಲಿಸಬೇಕಾದರೆ ಪದ್ಯದೊಳಗೆಯೇ ಅದಕ್ಕೆ ತಕ್ಕ ಗುಣವಿರಬೇಕು. ‘ನಾಗರಹಾವೆ’ ಎಂಬ ಪದ್ಯವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. ಮಗುವು ನಾಗರಹಾವನ್ನು ಕೂಗಿ ಕರೆಯುವುದು, ಹಾಲನ್ನು ಕೊಡುವೆನೆನ್ನುವುದು, ಹೆಡೆಯಾಡಿಸೆಂದು ಬೇಡುವುದು, ತಲೆಯ ರತ್ನದ ಮಾತೆತ್ತಿ ಹೊನ್ನನ್ನು ಕೇಳುವುದು, ಕೊನೆಗೆ ಅದರ ಹಗೆಯನ್ನು ನೆನೆದು ಕೈಮುಗಿದು ಹೊರಗೆ ಕಳುಹಿಸುವುದು, ಇಷ್ಟೇ ವಸ್ತು. ನಾಗಬನಗಳಿರುವ ನಾಡಿನಲ್ಲಿ ಹಾವೆಂದರೆ ದೇವರೂ ಹೌದು, ಕಚ್ಚುವ ಪ್ರಾಣಿಯೂ ಹೌದು. ಭಯಭಕ್ತಿಗಳ ಈ ಬೆರಕೆಯನ್ನು ಬೋಧನೆಯ ಒಂದು ಮಾತೂ ಇಲ್ಲದೆ ಕವಿಯು ಮಗುವಿನ ಆಟದೊಳಗೆ ಇಳಿಸಿದ್ದಾನೆ. ಇದಕ್ಕಿಂತಲೂ ಸೂಕ್ಷ್ಮವಾದುದು ಪದ್ಯದ ಕಟ್ಟು. ಪ್ರತಿ ನುಡಿಯ ಕೊನೆಗೂ ಒಂದೇ ಒಂದು ಅಕ್ಷರದ ಮಾತು ಮತ್ತೆ ಮತ್ತೆ ಬರುತ್ತದೆ. ಆ ನುಡಿಯ ಉಳಿದ ಪದಗಳ ಅರ್ಥ ತಿಳಿಯದ ಮಗುವೂ, ಕೊನೆಯ ಬೆಂಚಿನಲ್ಲಿ ಬಾಯಿ ತೆರೆಯಲು ಅಂಜುವ ಮಗುವೂ ಅಲ್ಲಿಗೆ ಬಂದಾಗ ದನಿಗೂಡಿಸದೆ ಇರಲಾರದು.

ಇದು ಕೇವಲ ಛಂದಸ್ಸಿನ ಚಮತ್ಕಾರವೆಂದು ಹಳೆಯ ಮೈಸೂರಿನ ವಾಚಕರು ತಿಳಿಯಬಹುದು. ತುಳುನಾಡಿನ ಶಾಲೆಯಲ್ಲಿ ಇದರ ಬೆಲೆಯೇ ಬೇರೆ. ಬಂಟ್ವಾಳದ ಪೇಟೆಯ ಶಾಲೆಗೆ ಬರುವ ಮಗುವಿನ ಮನೆಮಾತು ತುಳು, ಕೊಂಕಣಿ ಇಲ್ಲವೆ ಬ್ಯಾರಿ. ಬೆಳ್ತಂಗಡಿಯ ಮುಂಡಾಜೆಯ ಕಡೆಗೆ ಹೋದರೆ ಚಿತ್ಪಾವನರ ಮರಾಠಿಯೂ ಕೇಳಿಬರುವುದು. ಇವರಿಗೆಲ್ಲ ಕನ್ನಡವು ತಾಯ ಮಡಿಲಲ್ಲಿ ಕಲಿತುದಲ್ಲ, ಶಾಲೆಯ ಹಲಗೆಯ ಮುಂದೆ ಕಲಿತುದು. ಪಂಜೆಯವರ ಮನೆಮಾತೂ ಕೊಂಕಣಿಯೇ. ಕನ್ನಡದ ಬಾಗಿಲಿಗೆ ಹೊರಗಿನಿಂದ ಬಂದ ಮಗುವಿನ ಸಂಕೋಚವು ಅವರಿಗೆ ತಿಳಿದಿತ್ತೆಂದು ಊಹಿಸಿದರೆ ತಪ್ಪಾಗದು. ‘ತೆಂಕಣ ಗಾಳಿಯಾಟ’ದಲ್ಲಿ ಕಡಲ ಗಾಳಿಯ ರಭಸವನ್ನು ಅವರು ಅರ್ಥಕ್ಕಿಂತ ಮುಂಚೆ ಶಬ್ದದಿಂದಲೇ ಮುಟ್ಟಿಸುತ್ತಾರೆ. ‘ಇಲಿಗಳ ಥಕಥೈ’ ಇಂಗ್ಲಿಷ್ ಕವಿ ಬ್ರೌನಿಂಗನ ಕೃತಿಯನ್ನು ಅನುಸರಿಸಿ ಬಂದುದಾದರೂ ಅದರ ಹೆಸರಿನಲ್ಲಿಯೇ ಆಟದ ರಂಗಸ್ಥಳದ ಹೆಜ್ಜೆ ಕೇಳಿಸುತ್ತದೆ. ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಕಥೆಯ ಹೆಸರೇ ಒಂದು ಪ್ರಶ್ನೆ. ಅಂಗಳದಲ್ಲಿ ಸಿಗಡಿ ಒಣಹಾಕಿದುದನ್ನು ಕಂಡಿರುವ ಯಾವ ಕರಾವಳಿಯ ಮಗುವು ಅದರ ಉತ್ತರವನ್ನು ತಿಳಿಯಬಯಸದು? ಇಂಥ ಕೃತಿಗಳು ತಮ್ಮ ಡಂಗುರವನ್ನು ತಾವೇ ಹೊತ್ತು ತಿರುಗುತ್ತವೆ.

ಆಟದ ಮಾತು ಬಂದುದರಿಂದ ಇನ್ನೊಂದು ವಿಷಯವನ್ನು ಹೇಳಬಹುದು. ಯಕ್ಷಗಾನದ ಮೇಳವು ಊರಿಗೆ ಬಂದರೆ ಸಂಜೆಯ ಹೊತ್ತಿಗೆ ‘ಕೇಳಿ’ ಬಡಿಯುವ ಪದ್ಧತಿ ಈ ಕಡೆ ಹಿಂದಿನಿಂದ ಬಂದುದು. ಚೆಂಡೆಯ ಸದ್ದು ಗದ್ದೆ ತೋಡುಗಳನ್ನು ದಾಟಿ ಗುಡ್ಡದಾಚೆಯ ಮನೆಗಳಿಗೆ ಮುಟ್ಟಿದಾಗ, ಈ ರಾತ್ರಿ ಆಟವಿದೆಯೆಂದು ಜನಕ್ಕೆ ತಿಳಿಯುತ್ತಿತ್ತು. ಅಲ್ಲಿ ಸಾರುವ ಚೆಂಡೆಯೂ ರಾತ್ರಿ ರಂಗಸ್ಥಳದಲ್ಲಿ ಬಾರಿಸುವ ಚೆಂಡೆಯೂ ಒಂದೇ. ಸಾರಿದ ಸಾಧನವೇ ರಸದ ಸಾಧನವೂ ಆಗಿತ್ತು. ಡೇರೆಯ ಮೇಳಗಳು ಬಂದ ಮೇಲೆ ಕರಪತ್ರಗಳೂ ವೇಷಧಾರಿಗಳ ಹೆಸರುಗಳೂ ಮೊಳಗತೊಡಗಿದುವೆಂಬುದು ಬೇರೆ ಮಾತು. ಮಕ್ಕಳ ಪುಸ್ತಕದ ಪ್ರಚಾರಕ್ಕೆ ಹೊರಗಿನ ಮಾದರಿಗಳನ್ನು ಹುಡುಕುವವರು ಮನೆಯಂಗಳಕ್ಕೆ ಕೇಳಿಸುವ ಈ ಸದ್ದಿಗೆ ಸ್ವಲ್ಪ ಕಿವಿಗೊಡುವುದು ಒಳ್ಳೆಯದು.

ಪಂಜೆಯವರ ಮಾರ್ಗವನ್ನು ಹೊಗಳುವಾಗ ಒಂದು ಆಕ್ಷೇಪವನ್ನು ಮರೆಮಾಚುವುದು ನ್ಯಾಯವಲ್ಲ. ಅವರು ಇನ್‌ಸ್ಪೆಕ್ಟರರಾಗಿದ್ದವರು. ಆ ಕಾಲದ ಶಾಲೆಯಲ್ಲಿ ಇನ್‌ಸ್ಪೆಕ್ಟರನ ಬರವೆಂದರೆ ಉಪಾಧ್ಯಾಯನ ಎದೆ ನಡುಗುವ ದಿನ. ಅಂಥ ಅಧಿಕಾರಿಯು ಬರೆದ ಪದ್ಯವನ್ನು ಕಲಿಸೆನೆನ್ನುವ ಧೈರ್ಯ ಯಾರಿಗಿದ್ದೀತು? ಮದರಾಸು ಆಧಿಪತ್ಯದಲ್ಲಿ ಪಠ್ಯಪುಸ್ತಕವೆಂಬುದು ಮೇಲಿನಿಂದ ಇಳಿದು ಬರುವ ವಸ್ತು. ಬಾಸೆಲ್ ಮಿಶನ್ನಿನ ಮುದ್ರಣಾಲಯದಂಥ ಬಲವಾದ ಸಂಸ್ಥೆಯು ಮಂಗಳೂರಿನಲ್ಲಿಯೇ ಇದ್ದುದರಿಂದ ಅಚ್ಚಿನ ಅನುಕೂಲತೆಯೂ ಒದಗಿತ್ತು. ಹೀಗಿರುವಾಗ ಆ ಪದ್ಯಗಳು ಹಬ್ಬಿದುದು ಕವಿತ್ವದ ಬಲದಿಂದಲೋ ಹುದ್ದೆಯ ಬಲದಿಂದಲೋ ಎಂದು ಕೇಳುವುದು ಸಹಜ. ಹುದ್ದೆಯ ಪಾಲು ಇದ್ದೇ ಇದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಹುದ್ದೆಯ ಬಲದಿಂದ ಹಬ್ಬಿದುದು ಹುದ್ದೆ ಹೋದೊಡನೆ ಒಣಗಬೇಕಾಗಿತ್ತು. ಆಗಿನ ಅಧಿಕಾರಿಗಳು ಬರೆದು ಬರೆಸಿದ ಎಷ್ಟೋ ವಾಚಕಗಳು ಇಂದು ಹುಡುಕಿದರೂ ಸಿಕ್ಕವು. ಪಂಜೆಯವರು ತೀರಿಕೊಂಡು ತೊಂಬತ್ತು ವರ್ಷಗಳಾಗುತ್ತ ಬಂದರೂ, ಅವರ ಇನ್‌ಸ್ಪೆಕ್ಟರಿಕೆಯ ಸುದ್ದಿಯೇ ತಿಳಿಯದ ಅಜ್ಜಿಯರು ಮೊಮ್ಮಕ್ಕಳಿಗೆ ಆ ಹಾವಿನ ಪದ್ಯವನ್ನು ಹೇಳಿಕೊಡುವುದುಂಟು. ಮಡಿಕೇರಿಯಲ್ಲಿದ್ದಾಗ ಅವರು ರಚಿಸಿದ ‘ಹುತ್ತರಿ ಹಾಡ’ನ್ನು ಕೊಡಗಿನವರು ತಮ್ಮ ನಾಡಗೀತದಂತೆ ಎದೆಗಪ್ಪಿಕೊಂಡುದು ಯಾವ ಅಧಿಕಾರಿಯ ಅಪ್ಪಣೆಯಿಂದಲೂ ಅಲ್ಲ. ಅಂಕಿತವನ್ನು ಮರೆಮಾಡಿಕೊಂಡುದರ ಸಾರ್ಥಕತೆ ಇಲ್ಲಿ ಕಾಣುತ್ತದೆ. ಪದ್ಯವು ಕರ್ತೃವಿನಿಂದ ಬೇರೆಯಾಗಿ ನಿಲ್ಲಬಲ್ಲುದೋ ಇಲ್ಲವೋ ಎಂಬ ಪರೀಕ್ಷೆಗೆ ಅವರೇ ಅದನ್ನು ಒಡ್ಡಿದರು.

ಈ ಆಕ್ಷೇಪವು ಇಂದಿನವರಿಗೆ ಇನ್ನೂ ಹೆಚ್ಚಾಗಿ ತಟ್ಟುವುದು. ತನ್ನ ಶಾಲೆಯ ಮಕ್ಕಳಿಗೆ ತನ್ನ ಪುಸ್ತಕವನ್ನು ತಾನೇ ಕೊಳ್ಳಿಸುವ ಉಪಾಧ್ಯಾಯ, ವಾರ್ಷಿಕೋತ್ಸವದ ಬಹುಮಾನಗಳಿಗೆ ತನ್ನ ಪ್ರತಿಗಳನ್ನೇ ಆರಿಸುವ ಮುಖ್ಯೋಪಾಧ್ಯಾಯ, ಇವರು ದುರುದ್ದೇಶದವರೆಂದು ಯಾರೂ ಹೇಳರು. ಆದರೂ ಬೇಡವೆನ್ನುವ ಸ್ವಾತಂತ್ರ್ಯವಿಲ್ಲದ ಓದುಗನನ್ನು ಗೆದ್ದೆನೆಂದು ಹಿಗ್ಗುವುದರಲ್ಲಿ ಸಾರವಿಲ್ಲ. ಒಂದು ಪ್ರತಿಯನ್ನು ಕೈಗಿತ್ತಾಗ ಮಗು ಅದನ್ನು ಪಕ್ಕಕ್ಕಿಟ್ಟು ಆಡಲು ಓಡಿಹೋದರೆ, ಆ ಓಟವೂ ಒಂದು ವಿಮರ್ಶೆ. ಪತ್ರಿಕೆಗಳಲ್ಲಿ ಬರುವ ಸೌಜನ್ಯದ ವಿಮರ್ಶೆಗಳಿಗಿಂತ ಅದು ಬಹಳ ಪ್ರಾಮಾಣಿಕವಾದುದು.

ಪಂಜೆಯವರಿಗಿದ್ದ ಹುದ್ದೆಯ ಅನುಕೂಲವಿಲ್ಲದೆಯೂ ಇಂಥ ಕಾರ್ಯವನ್ನು ನಡೆಯಿಸಿದವರುಂಟು. ನೆರೆಯ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬರೆಯುವವರೂ ಅಚ್ಚು ಹಾಕಿಸುವವರೂ ಮುಖಪುಟ ಬಿಡಿಸುವವರೂ ತಾವೇ ಆಗಿದ್ದರು. ಬಾಲವನದಲ್ಲಿ ಅವರು ಮಕ್ಕಳನ್ನು ಕೂಡಿಸಿದುದು ಆಟ, ನಾಟಕ, ಕುಣಿತಗಳಿಗಾಗಿ. 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಹೊರತಂದಾಗ ಮಗುವಿನ ಕುತೂಹಲವೆಂಬುದು ಎಂಥದೆಂದು ಅವರು ಕಣ್ಣಾರೆ ಕಂಡು ತಿಳಿದಿದ್ದರು. ಪ್ರಯೋಗಶೀಲರಾದ ಕಾರಂತರ ಹಾದಿ ಎಲ್ಲರಿಗೂ ಸಾಧ್ಯವಾದುದಲ್ಲ. ದೊಡ್ಡ ಸಾಲದ ಹೊರೆಯನ್ನು ಹೊರುವ ಎದೆಗಾರಿಕೆ ಎಲ್ಲರಲ್ಲೂ ಇರುವುದಿಲ್ಲ.

ಸಾಮಾನ್ಯನಾದ ಗ್ರಂಥಕರ್ತನಿಗೆ ಈಗ ಇರುವ ಅವಕಾಶಗಳೇನು? ಕಾರ್ತಿಕ ಮಾಸದಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಜನಸಾಗರವೇ ಸೇರುತ್ತದೆ. ಸಾಹಿತ್ಯ ಸಮ್ಮೇಳನವೂ ವಸ್ತುಪ್ರದರ್ಶನವೂ ಅದರ ಅಂಗಗಳು. ಮೂಡುಬಿದಿರೆಯಲ್ಲಿ 2004ರಿಂದ ಕೆಲವು ವರ್ಷಗಳ ಕಾಲ ನಡೆದ ಆಳ್ವಾಸ್ ನುಡಿಸಿರಿಯ ಪುಸ್ತಕ ಮಳಿಗೆಗಳನ್ನು ಕಂಡವರಿಗೆ ಕನ್ನಡ ಪುಸ್ತಕಕ್ಕೆ ಕೊಳ್ಳುವವರಿಲ್ಲವೆಂಬ ಮಾತು ಪೂರ್ತಿ ನಿಜವೆಂದು ತೋರದು. ಆದರೆ ಇಂಥ ಜಾತ್ರೆಗಳಲ್ಲಿ ಮಕ್ಕಳ ಪುಸ್ತಕದ ಮಳಿಗೆಯನ್ನು ಇಡುವ ರೀತಿಯನ್ನು ನೋಡಬೇಕು. ಪುಸ್ತಕಗಳು ದೊಡ್ಡವರ ಎದೆಯೆತ್ತರದ ಮೇಜಿನ ಮೇಲಿರುತ್ತವೆ. ಮಗುವಿಗೆ ಕಾಣುವುದು ಮೇಜಿನ ಬಟ್ಟೆ. ಕೈ ಚಾಚಿದರೆ ಮುಟ್ಟಬೇಡವೆಂಬ ಗದರಿಕೆ. ಪಕ್ಕದ ಆಟಿಕೆಯ ಅಂಗಡಿಯವನಾದರೋ ತನ್ನ ಪೀಪಿಯನ್ನು ತಾನೇ ಊದಿ, ಬಳಿಕ ಮಗುವಿನ ಕೈಗೂ ಕೊಟ್ಟು ಊದಿಸುತ್ತಾನೆ. ಅವನಿಗೆ ತಿಳಿದ ವ್ಯಾಪಾರವು ಪುಸ್ತಕದವರಿಗೆ ತಿಳಿಯದೆ ಹೋದುದು ಸೋಜಿಗ. ಒಂದು ಚಾಪೆಯನ್ನು ಹಾಸಿ, ನಾಲ್ಕು ಪ್ರತಿಗಳನ್ನು ಕೊಳೆಯಾಗಲೆಂದೇ ಅದರ ಮೇಲೆ ಹರಡಿ, ಗಂಟೆಗೊಮ್ಮೆ ಒಂದು ಕಥೆಯನ್ನು ಗಟ್ಟಿಯಾಗಿ ಓದುವುದಕ್ಕೆ ಎಷ್ಟು ವೆಚ್ಚ ತಗಲೀತು?

ಶಾಲೆಗಳಿಗೆ ಹೋಗುವವರೂ ಹೀಗೆಯೇ ನಡೆದುಕೊಳ್ಳಬಹುದು. ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕಡಮೆ. ಇಂಗ್ಲಿಷ್ ಮಾಧ್ಯಮದ ಶಾಲೆಯ ವಾಹನವು ಮನೆಬಾಗಿಲಿಗೆ ಬರತೊಡಗಿದ ಮೇಲೆ ಕನ್ನಡ ಶಾಲೆಗಳು ಇನ್ನಷ್ಟು ಬಡವಾಗಿವೆ. ಅಂಥಲ್ಲಿಗೆ ಗಣ್ಯರನ್ನು ಕರೆದೊಯ್ಯುವ ಅಗತ್ಯವಿಲ್ಲ. ಗ್ರಂಥಕರ್ತನೊಬ್ಬನೇ ಹೋಗಿ, ಹಾರವನ್ನು ಬೇಡವೆಂದು ಹೇಳಿ, ತನ್ನ ಪುಸ್ತಕದ ಒಂದು ಕಥೆಯನ್ನು ಓದಲಿ. ತಡೆದಲ್ಲಿ ತುಳುವಿನಲ್ಲಿ ಒಂದು ಮಾತು ಹೇಳಿ ಮತ್ತೆ ಕನ್ನಡಕ್ಕೆ ಬರಲಿ. ಮೂಲೆಯ ಮಗುವು ಆಕಳಿಸಿದರೆ ಆ ಪುಟಕ್ಕೆ ಒಂದು ಗುರುತು ಹಾಕಿಕೊಳ್ಳಲಿ. ಎರಡನೆಯ ಮುದ್ರಣದಲ್ಲಿ ಆ ಭಾಗವನ್ನು ತಿದ್ದಬೇಕಾದೀತು. ಪ್ರಚಾರಕ್ಕೆಂದು ಹೊರಟವನಿಗೆ ಅಲ್ಲಿ ದೊರಕುವುದು ತನ್ನ ಕೃತಿಯ ನಿಜವಾದ ಪರೀಕ್ಷೆ. ಅಚ್ಚಿಗೆ ಕೊಡುವ ಮೊದಲೇ ಹೀಗೆ ಹತ್ತು ಶಾಲೆಗಳನ್ನು ಸುತ್ತಿದವರ ಪುಸ್ತಕಗಳಲ್ಲಿ ಹಿತೋಪದೇಶದ ಕೊನೆಯ ಪರಿಚ್ಛೇದಗಳು ತಾವಾಗಿ ಉದುರಿಹೋಗುತ್ತಿದ್ದುವು. ಈಗಿನ ಮಕ್ಕಳ ಕಥೆಗಳಿಗೆ ಅಂಟಿದ ದೊಡ್ಡ ದೋಷವೆಂದರೆ ಈ ಬಾಲಂಗೋಚಿಯೇ.

ಪ್ರತಿಗಳನ್ನು ಎಲ್ಲಿ ಬಿಟ್ಟುಬರಬೇಕೆಂಬುದು ಉಳಿದ ಪ್ರಶ್ನೆ. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಲ್ಲಿ 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮವು ಆರಂಭವಾಗಿ, ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಂಡರು. ಆ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರಗಳೆಂದು ಹೆಸರು. ಶಾಲೆಯ ಬೀಗದ ಕಪಾಟಿಗಿಂತ ಅಲ್ಲಿಯ ತೆರೆದ ಕಪಾಟು ಮೇಲು. ಪ್ರತಿಯನ್ನು ಕೊಟ್ಟು ಛಾಯಾಚಿತ್ರ ತೆಗೆಯಿಸಿಕೊಂಡು ಬರುವವರು ಹಲವರಿದ್ದಾರೆ. ಆರು ತಿಂಗಳ ಬಳಿಕ ಮತ್ತೆ ಆ ಮೆಟ್ಟಿಲನ್ನು ಹತ್ತಿ, ಕೊಟ್ಟ ಪ್ರತಿಯನ್ನು ಕೇಳಿ ತೆಗೆಯಿಸಿ, ಅದರ ಹೊಲಿಗೆ ಸಡಲಿದೆಯೋ, ಪುಟಗಳ ಮೂಲೆ ಮಡಿಸಿದೆಯೋ, ಮಳೆಗಾಲದ ಬೂಷ್ಟು ಮಾತ್ರ ಹಿಡಿದಿದೆಯೋ ಎಂದು ನೋಡಿ ಬಂದವರು ವಿರಳ.